ಲಗ್ನಪತ್ರಿಕೆಗೆ ದಾರಿ ನಕ್ಷೆ: ಇಂಕ್‌ಸ್ಕೇಪ್‌ನಲ್ಲಿ ನೀವೇ ಬರೆಯುವುದು ಹೇಗೆ

ಮದುವೆ, ಗೃಹಪ್ರವೇಶಗಳ ಕಾಲ ಬಂದಾಗಲೆಲ್ಲ ಓದುಗರು ಕೇಳುವ ಪ್ರಶ್ನೆ ಇದು: "ಪತ್ರಿಕೆಯ ಹಿಂಬದಿಗೆ ಮಂಟಪದ ದಾರಿ ತೋರಿಸುವ ನಕ್ಷೆ ಬೇಕು. ನಾನೇ ಬರೆಯಬಹುದೇ, ಯಾವ ಸಾಫ್ಟ್‌ವೇರ್ ಬೇಕು?" ಖಂಡಿತ ಬರೆಯಬಹುದು. ಚಿತ್ರ ಬಿಡಿಸಲು ಬರಬೇಕೆಂದೇನೂ ಇಲ್ಲ. ಸಾಫ್ಟ್‌ವೇರ್‌ಗೆ ದುಡ್ಡೂ ಕೊಡಬೇಕಿಲ್ಲ. ಒಂದು ರಜಾದಿನದ ಮಧ್ಯಾಹ್ನ ಬಿಡುವು ಮಾಡಿಕೊಂಡರೆ ಸಾಕು.

ಮೊಬೈಲಿನಲ್ಲಿ ಲೊಕೇಶನ್ ಕಳಿಸಿದರೆ ಸಾಲದೇ ಎಂದೂ ಕೆಲವರು ಕೇಳುತ್ತಾರೆ. ಊರಿನ ನಡುವಿನ ಮಂಟಪಕ್ಕಾದರೆ ಸಾಲಬಹುದು. ಮುಖ್ಯರಸ್ತೆ ಬಿಟ್ಟು ನಾಲ್ಕು ಕಿ.ಮೀ. ಒಳಗಿರುವ ತೋಟದ ಮನೆಗೆ, ನೆಟ್‌ವರ್ಕ್ ಬಂದೂ ಬಾರದ ಮಲೆನಾಡಿನ ಹಳ್ಳಿಗೆ, ಬಸ್ಸಿಳಿದು ಆಟೋ ಹಿಡಿಯುವ ಹಿರಿಯರಿಗೆ ಕೈಯಲ್ಲಿ ಒಂದು ಕಾಗದ ಬೇಕೇ ಬೇಕು.

ಸಾಫ್ಟ್‌ವೇರ್ ತೆರೆಯುವ ಮೊದಲೇ ಒಂದು ವಿಷಯ ಮನಸ್ಸಿನಲ್ಲಿರಲಿ. ಈ ನಕ್ಷೆ ಊರಿನ ಪರಿಚಯಕ್ಕಲ್ಲ. ಕವಲಿನಲ್ಲಿ ಗಾಡಿ ನಿಧಾನ ಮಾಡಿ "ಎಡಕ್ಕೋ ಬಲಕ್ಕೋ" ಎಂದು ಕಾಗದ ನೋಡುವವರಿಗಾಗಿ ಬರೆಯುತ್ತಿದ್ದೀರಿ. ಆ ಕ್ಷಣದಲ್ಲಿ ಅವರಿಗೆ ಉಪಯೋಗಕ್ಕೆ ಬಾರದ ಯಾವ ಗೆರೆಯೂ ನಕ್ಷೆಯಲ್ಲಿರಬೇಕಿಲ್ಲ. ಮೊದಲ ಸಲ ಬರೆಯುವವರು ಎಡವುವುದು ಇಲ್ಲೇ. ತಮಗೆ ಗೊತ್ತಿರುವ ಓಣಿಗಳನ್ನೆಲ್ಲ ತುಂಬಿಬಿಡುತ್ತಾರೆ.

ಏನೇನು ಬೇಕು

ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್, ಅದಕ್ಕೊಂದು ಮೌಸ್. ಟಚ್‌ಪ್ಯಾಡ್‌ನಲ್ಲಿ ಗೆರೆ ಎಳೆಯುವುದು ಬಹಳ ಕಷ್ಟ. ಮೌಸ್ ಇಲ್ಲದಿದ್ದರೆ ಯಾರಿಂದಲಾದರೂ ಎರವಲು ತನ್ನಿ.

ಇಂಕ್‌ಸ್ಕೇಪ್ ಸಾಫ್ಟ್‌ವೇರ್. ಇದು 2003ರಿಂದ ಬೆಳೆದುಬಂದಿರುವ ಮುಕ್ತ ತಂತ್ರಾಂಶ. ಉಚಿತವಾಗಿ ಸಿಗುತ್ತದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. 2020ರಲ್ಲಿ ಬಂದ 1.0 ಅಥವಾ ಅದಕ್ಕಿಂತ ಹೊಸ ಆವೃತ್ತಿ ಇರಲಿ. ಇದು ವೆಕ್ಟರ್ ಸಾಫ್ಟ್‌ವೇರ್, ಅಂದರೆ ಗೆರೆಗಳನ್ನು ಚುಕ್ಕಿಗಳ ರಾಶಿಯಾಗಿ ಇಡದೆ ಲೆಕ್ಕವಾಗಿ ನೆನಪಿಡುತ್ತದೆ. ಹಾಗಾಗಿ ನಕ್ಷೆಯನ್ನು ಪತ್ರಿಕೆಯಷ್ಟು ಚಿಕ್ಕದಾಗಿಯೂ ಮಂಟಪದ ಮುಂದಿನ ಫ್ಲೆಕ್ಸ್‌ನಷ್ಟು ದೊಡ್ಡದಾಗಿಯೂ ಮುದ್ರಿಸಬಹುದು, ಅಂಚು ಒಡೆಯುವುದಿಲ್ಲ. ಫೋಟೋಶಾಪ್‌ನಂಥ ಫೋಟೋ ತಿದ್ದುವ ಸಾಫ್ಟ್‌ವೇರ್ ಈ ಕೆಲಸಕ್ಕೆ ಹೊಂದುವುದಿಲ್ಲ. ಕೋರೆಲ್‌ಡ್ರಾ ಇದ್ದವರು ಅದರಲ್ಲೇ ಮಾಡಬಹುದು. ಕ್ರಮ ಇದೇ, ಮೆನು ಹೆಸರುಗಳು ಮಾತ್ರ ಬೇರೆ.

ಒಂದು ಯೂನಿಕೋಡ್ ಕನ್ನಡ ಫಾಂಟ್. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ 2, ಅನೇಕ್ ಕನ್ನಡ ಮೂರೂ ಉಚಿತ, ಮೂರೂ ಚಿಕ್ಕ ಅಳತೆಯಲ್ಲಿ ಓದಲು ಬರುತ್ತವೆ.

ಅಭ್ಯಾಸಕ್ಕೆ ಮೈಸೂರಿನ ನಡುಭಾಗವನ್ನು ತೆಗೆದುಕೊಳ್ಳೋಣ, ಏಕೆಂದರೆ ಅದರ ಆಕಾರ ಏಣಿಯಂತಿದೆ. ಪಶ್ಚಿಮದಲ್ಲಿ ಝಾನ್ಸಿ ಲಕ್ಷ್ಮೀಬಾಯಿ ರಸ್ತೆ, ಪೂರ್ವದಲ್ಲಿ ಸಯ್ಯಾಜಿ ರಾವ್ ರಸ್ತೆ, ಇವು ಏಣಿಯ ಎರಡು ಕಾಲು. ನಡುವೆ ಮೇಲೊಂದು ಮೆಟ್ಟಿಲು ಧನ್ವಂತರಿ ರಸ್ತೆ, ಕೆಳಗೊಂದು ಮೆಟ್ಟಿಲು ದೇವರಾಜ ಅರಸು ರಸ್ತೆ. ಬಲಗಡೆಯ ಕಾಲಿನ ಬುಡದಲ್ಲಿ ಕೆ.ಆರ್. ಸರ್ಕಲ್, ಅದರ ಆಗ್ನೇಯಕ್ಕೆ ಅರಮನೆ. ವಾಯವ್ಯದ ಮೂಲೆಯಲ್ಲಿ ರೈಲ್ವೆ ನಿಲ್ದಾಣ. ಇಷ್ಟು ಬರೆಯಲು ಬಂದರೆ ನಿಮ್ಮೂರಿನ ಮಂಟಪದ ನಕ್ಷೆಯೂ ಬರುತ್ತದೆ.

ಹಂತ 1: ಮೊದಲು ಕಾಗದದ ಮೇಲೆ

ಈ ಹಂತವನ್ನು ಹಾರಿಸಬೇಡಿ. ಬರುವವರಲ್ಲಿ ಹೆಚ್ಚಿನವರು ಎಲ್ಲಿಂದ ಹೊರಡುತ್ತಾರೆ ಎಂದು ಯೋಚಿಸಿ: ಬಸ್ ನಿಲ್ದಾಣ, ರೈಲು, ಹೆದ್ದಾರಿ. ಅಲ್ಲಿಂದ ಮಂಟಪದವರೆಗೆ ಎಷ್ಟು ಕಡೆ ತಿರುಗಬೇಕು ಎಂದು ಎಣಿಸಿ. ಒಂದೊಂದು ತಿರುವಿಗೂ ಗುರುತು ಬರೆದುಕೊಳ್ಳಿ. ಪೆಟ್ರೋಲ್ ಬಂಕ್, ಅರಳಿಕಟ್ಟೆ, ನೀರಿನ ಟ್ಯಾಂಕ್, ಶಾಲೆ, ದೇವಸ್ಥಾನದ ಕಮಾನು ಇವು ಒಳ್ಳೆಯ ಗುರುತುಗಳು. ಅಂಗಡಿಯ ಹೆಸರು ಬೇಡ. ಅಂಗಡಿ ಬದಲಾಗುತ್ತದೆ, ಬೋರ್ಡ್ ಬದಲಾಗುತ್ತದೆ.

ಜೊತೆಗೆ, ತಿರುವು ತಪ್ಪಿ ಮುಂದೆ ಹೋದವರಿಗೆ ಏನು ಕಾಣುತ್ತದೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. "ಸೇತುವೆ ಬಂದರೆ ಮುಂದೆ ಬಂದಿದ್ದೀರಿ" ಎಂಬ ಒಂದು ಸಾಲು ನಕ್ಷೆಯಲ್ಲಿದ್ದರೆ ಎಷ್ಟೋ ಫೋನ್ ಕರೆಗಳು ಉಳಿಯುತ್ತವೆ.

ಸಾಧ್ಯವಾದರೆ ಬೈಕಿನಲ್ಲಿ ಒಮ್ಮೆ ಹೋಗಿಬನ್ನಿ. ತಿರುವಿನಿಂದ ತಿರುವಿಗೆ ಎಷ್ಟು ಕಿ.ಮೀ. ಎಂದು ಮೀಟರ್ ನೋಡಿ ಬರೆದುಕೊಳ್ಳಿ. ಊರವರ "ಇಲ್ಲೇ ಹತ್ತಿರ" ಎಂಬ ಲೆಕ್ಕ ನಕ್ಷೆಗೆ ಆಗುವುದಿಲ್ಲ.

ಹಂತ 2: ಕೆಳಗೆ ಇಟ್ಟು ಬರೆಯಲು ಒಂದು ಆಧಾರ ನಕ್ಷೆ

ಗೂಗಲ್ ಮ್ಯಾಪ್ಸ್‌ನ ಸ್ಕ್ರೀನ್‌ಶಾಟ್ ತೆಗೆದು ಅದರ ಮೇಲೆ ಗೆರೆ ಎಳೆಯುವುದು ಎಲ್ಲರಿಗೂ ಹೊಳೆಯುವ ಉಪಾಯ. ಆದರೆ ಅದರ ಮೇಲಿಟ್ಟು ನಕಲಿಳಿಸುವುದಕ್ಕೆ ಗೂಗಲ್‌ನ ನಿಯಮಗಳು ಒಪ್ಪುವುದಿಲ್ಲ. ನೂರಾರು ಪ್ರತಿ ಮುದ್ರಿಸಿ ಹಂಚುವ ಕೆಲಸಕ್ಕೆ ಆ ದಾರಿ ಬೇಡ.

ಇದಕ್ಕೆ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ. 2004ರಲ್ಲಿ ಶುರುವಾದ, ಸ್ವಯಂಸೇವಕರೇ ಕಟ್ಟುತ್ತಿರುವ ಜಗತ್ತಿನ ನಕ್ಷೆ ಇದು. ಯಾರು ಬೇಕಾದರೂ ಬಳಸಬಹುದು, ಅದರ ಮೇಲೆ ಗೆರೆ ಎಳೆದು ಹೊಸ ನಕ್ಷೆ ಮಾಡಬಹುದು. ಷರತ್ತು ಚಿಕ್ಕದು: ನಕ್ಷೆಯ ಮೂಲೆಯಲ್ಲಿ "© ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರು" ಎಂದು ಹಾಕಬೇಕು. ದಯವಿಟ್ಟು ಇದನ್ನು ಮರೆಯಬೇಡಿ. ನಿಮ್ಮೂರಿನ ಕಾಲುದಾರಿಯನ್ನೂ ಯಾರೋ ಬಿಡುವಿನಲ್ಲಿ ಕೂತು ಸೇರಿಸಿರುತ್ತಾರೆ.

ಅದರ ಜಾಲತಾಣದಲ್ಲಿ ನಿಮ್ಮ ಜಾಗಕ್ಕೆ ಹೋಗಿ, ಬಲಬದಿಯ ಶೇರ್ ಗುಂಡಿ ಒತ್ತಿದರೆ ಚಿತ್ರವಾಗಿ ಇಳಿಸಿಕೊಳ್ಳುವ ಆಯ್ಕೆ ಕಾಣುತ್ತದೆ. ಪಿಎನ್‌ಜಿ ಆರಿಸಿ. ಹಳ್ಳಿಗಳ ಕೆಲವು ಒಳರಸ್ತೆಗಳು ಅದರಲ್ಲಿ ಇಲ್ಲದಿರಬಹುದು. ಹಾಗಿದ್ದರೆ ನಿಮ್ಮ ಕಾಗದದ ಚಿತ್ರವನ್ನು ನೋಡಿ ಸೇರಿಸಿ.

ಹಂತ 3: ಪುಟ ಮತ್ತು ಪದರಗಳು

ಇಂಕ್‌ಸ್ಕೇಪ್ ತೆರೆದು ಫೈಲ್ ಮೆನುವಿನ ಡಾಕ್ಯುಮೆಂಟ್ ಪ್ರಾಪರ್ಟೀಸ್‌ಗೆ ಹೋಗಿ. ಅಳತೆಯನ್ನು ಮಿಲಿಮೀಟರ್‌ಗೆ ಬದಲಿಸಿ. ನಕ್ಷೆ ಎಷ್ಟು ದೊಡ್ಡದಾಗಿ ಮುದ್ರಣವಾಗುತ್ತದೋ ಅಷ್ಟೇ ಪುಟ ಇಡಿ. ಸಾಮಾನ್ಯ ಪತ್ರಿಕೆಯ ಹಿಂಬದಿಗೆ 90 × 60 ಮಿ.ಮೀ. ಚೆನ್ನಾಗಿ ಹೊಂದುತ್ತದೆ. ಎ4 ಪುಟದಲ್ಲಿ ಬರೆದು ಆಮೇಲೆ ಚಿಕ್ಕದು ಮಾಡಿದರೆ ಅಕ್ಷರಗಳು ಇರುವೆ ಸಾಲಿನಂತಾಗುತ್ತವೆ. ನಿಜ ಅಳತೆಯಲ್ಲೇ ಬರೆಯಿರಿ, ಪರದೆಯ ಮೇಲೆ ಹಿಗ್ಗಿಸಿ ನೋಡಿ.

ಈಗ ಲೇಯರ್, ಅಂದರೆ ಪದರ. ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಗಳು ಎಂದುಕೊಳ್ಳಿ. ಲೇಯರ್ ಮೆನುವಿನಿಂದ ನಾಲ್ಕು ಪದರ ಮಾಡಿ. ತಳದಲ್ಲಿ "ಆಧಾರ", ಅದರ ಮೇಲೆ "ರಸ್ತೆ", ಆಮೇಲೆ "ಗುರುತು", ಎಲ್ಲಕ್ಕಿಂತ ಮೇಲೆ "ಅಕ್ಷರ".

"ಆಧಾರ" ಪದರದಲ್ಲಿ ನಿಂತು ಇಳಿಸಿಕೊಂಡ ಚಿತ್ರವನ್ನು ಕಂಟ್ರೋಲ್ + ಐ ಒತ್ತಿ ತನ್ನಿ. ಎಂಬೆಡ್ ಅಥವಾ ಲಿಂಕ್ ಎಂದು ಕೇಳಿದರೆ ಎಂಬೆಡ್ ಆರಿಸಿ. ಚಿತ್ರವನ್ನು ಪುಟಕ್ಕೆ ಹೊಂದಿಸಿ, ಅದರ ಒಪಾಸಿಟಿಯನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ಚಿತ್ರ ಮಸುಕಾಗುತ್ತದೆ. ಆಮೇಲೆ ಪದರಕ್ಕೆ ಬೀಗದ ಗುರುತು ಒತ್ತಿ. ಬೀಗ ಹಾಕದಿದ್ದರೆ ರಸ್ತೆ ಎಳೆಯುವಾಗ ಕೆಳಗಿನ ಚಿತ್ರ ಗೊತ್ತಾಗದಂತೆ ಸರಿದುಬಿಡುತ್ತದೆ.

ಹಂತ 4: ರಸ್ತೆ ಎಳೆಯುವುದು

"ರಸ್ತೆ" ಪದರ ಆರಿಸಿ. ಕೀಲಿಮಣೆಯಲ್ಲಿ ಬಿ ಒತ್ತಿದರೆ ಪೆನ್ ಉಪಕರಣ ಬರುತ್ತದೆ. ರಸ್ತೆ ಶುರುವಾಗುವಲ್ಲಿ ಒಮ್ಮೆ ಕ್ಲಿಕ್ ಮಾಡಿ, ತಿರುಗುವಲ್ಲಿ ಮತ್ತೊಮ್ಮೆ, ಮುಗಿಯುವಲ್ಲಿ ಕ್ಲಿಕ್ ಮಾಡಿ ಎಂಟರ್ ಒತ್ತಿ. ಬಾಗು ಬೇಕಾದ ಕಡೆ ಕ್ಲಿಕ್ ಮಾಡಿ ಬೆರಳು ಎತ್ತದೆ ಎಳೆಯಿರಿ. ಕೊನೆಯ ಚುಕ್ಕಿ ತಪ್ಪಾದರೆ ಬ್ಯಾಕ್‌ಸ್ಪೇಸ್. ಎಸ್ಕೇಪ್ ಒತ್ತಿದರೆ ಇಡೀ ಗೆರೆ ಹೋಗುತ್ತದೆ, ಎಚ್ಚರ. ಎಳೆದ ಮೇಲೆ ತಿದ್ದಲು ಎನ್ ಒತ್ತಿ. ಗೆರೆಯ ಮೇಲೆ ಚುಕ್ಕಿಗಳು ಕಾಣುತ್ತವೆ. ಇವಕ್ಕೆ ನೋಡ್ ಎನ್ನುತ್ತಾರೆ. ಹಿಡಿದು ಸರಿಸಬಹುದು.

ರಸ್ತೆಗೆ ಎರಡು ಅಂಚು ಇರುತ್ತದೆಂದು ಎರಡು ಸಮಾನಾಂತರ ಗೆರೆ ಎಳೆಯಲು ಹೋಗಬೇಡಿ. ಹೊಸಬರು ಬಹುತೇಕ ಮಾಡುವುದು ಇದನ್ನೇ. ಪ್ರತಿ ಕವಲಿನಲ್ಲಿ ಗೆರೆ ಕತ್ತರಿಸಿ ಜೋಡಿಸುವುದರಲ್ಲೇ ಸಂಜೆಯಾಗುತ್ತದೆ. ರಸ್ತೆಯ ನಡುವೆ ಒಂದೇ ಗೆರೆ ಎಳೆಯಿರಿ. ಅಂಚು ಮುಂದಿನ ಹಂತದಲ್ಲಿ ತಾನಾಗಿ ಬರುತ್ತದೆ.

ಎಲ್ಲ ಗೆರೆಗಳನ್ನೂ ಆರಿಸಿ ಕಂಟ್ರೋಲ್ + ಶಿಫ್ಟ್ + ಎಫ್ ಒತ್ತಿ. ಫಿಲ್ ಮತ್ತು ಸ್ಟ್ರೋಕ್ ಫಲಕ ತೆರೆಯುತ್ತದೆ. ಫಿಲ್ ಅಂದರೆ ಒಳಗಿನ ಬಣ್ಣ, ಸ್ಟ್ರೋಕ್ ಅಂದರೆ ಗೆರೆಯ ಬಣ್ಣ. ಫಿಲ್ ಅನ್ನು ತೆಗೆದುಬಿಡಿ (ಅಡ್ಡಗೆರೆಗಳ ಗುಣಿಸು ಗುರುತು). ಇಲ್ಲದಿದ್ದರೆ ಬಾಗಿದ ರಸ್ತೆಯ ಹೊಟ್ಟೆಯಲ್ಲಿ ಕಪ್ಪು ಬಣ್ಣ ತುಂಬಿಕೊಂಡು ಕೆರೆಯಂತೆ ಕಾಣುತ್ತದೆ. ಸ್ಟ್ರೋಕ್ ಸ್ಟೈಲ್‌ನಲ್ಲಿ ಜಾಯಿನ್ ಮತ್ತು ಕ್ಯಾಪ್ ಎರಡನ್ನೂ ದುಂಡಗೆ ಇಡಿ. ಜಾಯಿನ್ ಎಂದರೆ ಗೆರೆ ಮುರಿಯುವ ಮೂಲೆ, ಕ್ಯಾಪ್ ಎಂದರೆ ಗೆರೆಯ ತುದಿ.

ದಪ್ಪಕ್ಕೆ ಮೂರೇ ಅಳತೆ ಸಾಕು: ಹೆದ್ದಾರಿ 3 ಮಿ.ಮೀ., ಊರ ಮುಖ್ಯರಸ್ತೆ 2.2 ಮಿ.ಮೀ., ಒಳರಸ್ತೆ 1.2 ಮಿ.ಮೀ. ಬಣ್ಣಕ್ಕೆ ಮೈಲಿಗಲ್ಲುಗಳ ಜಾಡು ಹಿಡಿಯುವುದು ನನಗೆ ಇಷ್ಟ. ರಾಷ್ಟ್ರೀಯ ಹೆದ್ದಾರಿಯ ಕಲ್ಲಿಗೆ ಹಳದಿ ತಲೆ, ರಾಜ್ಯ ಹೆದ್ದಾರಿಯ ಕಲ್ಲಿಗೆ ಹಸಿರು ತಲೆ. ಅದೇ ಹಳದಿ, ಅದೇ ಹಸಿರನ್ನು ತಿಳಿಯಾಗಿ ಬಳಸಿ, ಉಳಿದದ್ದಕ್ಕೆ ಬಿಳಿ. ದಾರಿಯಲ್ಲಿ ಕಂಡದ್ದೇ ಕಾಗದದಲ್ಲೂ ಕಾಣುತ್ತದೆ.

ಇನ್ನು ರಸ್ತೆಯ ಅಂಕುಡೊಂಕು. ಇದ್ದಂತೆಯೇ ಎಳೆಯಬೇಕಿಲ್ಲ. ಲಂಡನ್ನಿನ ಸುರಂಗ ರೈಲಿಗೆ ಹ್ಯಾರಿ ಬೆಕ್ ಮಾಡಿದ, 1933ರಲ್ಲಿ ಅಚ್ಚಾದ ನಕ್ಷೆಯಲ್ಲಿ ರೈಲು ದಾರಿಗಳೆಲ್ಲ ನೆಟ್ಟಗೆ, ಅಡ್ಡ, ಇಲ್ಲವೇ 45 ಡಿಗ್ರಿ ಓರೆ. ಪ್ರಯಾಣಿಕರಿಗೆ ಬೇಕಾದದ್ದು ಯಾವ ನಿಲ್ದಾಣದ ನಂತರ ಯಾವುದು, ಎಲ್ಲಿ ಬದಲಿಸಬೇಕು ಎಂಬುದು ಎಂದು ಆತ ಕಂಡುಕೊಂಡಿದ್ದ. ನಿಮ್ಮ ಅತಿಥಿಗಳಿಗೂ ಅಷ್ಟೇ ಬೇಕು. ಎಳೆಯುವಾಗ ಕಂಟ್ರೋಲ್ ಒತ್ತಿ ಹಿಡಿದರೆ ಗೆರೆ 15 ಡಿಗ್ರಿಯ ಹೆಜ್ಜೆಗಳಲ್ಲೇ ತಿರುಗುತ್ತದೆ, ಅದರಲ್ಲಿ 45 ಸುಲಭವಾಗಿ ಸಿಗುತ್ತದೆ. ಒಂದನ್ನು ಮಾತ್ರ ಕೆಡಿಸಬೇಡಿ: ತಿರುವುಗಳ ಅನುಕ್ರಮ ಮತ್ತು ಎಡ-ಬಲ. ಘಾಟಿಯಲ್ಲಿ ಹತ್ತು ಸುತ್ತಿದ್ದರೆ ನಕ್ಷೆಯಲ್ಲಿ ಎರಡು ಸಾಕು. ಆದರೆ ಘಾಟಿ ಇಳಿದ ಮೇಲಿನ ಎಡತಿರುವು ಎಡಕ್ಕೇ ಇರಬೇಕು.

ಒಂದು ರಸ್ತೆ ಇನ್ನೊಂದನ್ನು ಸೇರುವಲ್ಲಿ ತುದಿಯು ಆ ರಸ್ತೆಯ ನಡುಗೆರೆಯನ್ನು ಮುಟ್ಟಲಿ. ಅದಕ್ಕಿಂತ ಮೊದಲೇ ನಿಂತರೆ ಮುಂದಿನ ಹಂತದಲ್ಲಿ ಕವಲಿಗೆ ಗೋಡೆ ಕಟ್ಟಿದಂತಾಗುತ್ತದೆ. ದಾಟಿದರೆ ಆಚೆ ಬದಿಗೆ ಗಂಟು ಕಾಣುತ್ತದೆ. ಸ್ನ್ಯಾಪಿಂಗ್ (ಹತ್ತಿರದ ಗೆರೆಗೆ ತಾನೇ ಅಂಟಿಕೊಳ್ಳುವ ಗುಣ) ಚಾಲೂ ಮಾಡಿದರೆ ಇದು ಸುಲಭ. ಶೇಕಡಾ ಚಿಹ್ನೆಯ ಕೀಲಿ ಒತ್ತಿದರೆ ಚಾಲೂ ಆಗುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ.

ಪುಟದಿಂದ ಆಚೆ ಹೋಗುವ ರಸ್ತೆಗಳನ್ನು ಪುಟದ ಅಂಚು ದಾಟಿಸಿಯೇ ಎಳೆಯಿರಿ. ಕೊನೆಗೆ ಪುಟದಷ್ಟೇ ಭಾಗ ಉಳಿಯುತ್ತದೆ. ಸರ್ಕಲ್ ಬೇಕಿದ್ದರೆ ಇ ಒತ್ತಿ, ಕಂಟ್ರೋಲ್ ಹಿಡಿದು ವೃತ್ತ ಎಳೆದು, ಅದಕ್ಕೂ ಫಿಲ್ ತೆಗೆದು ರಸ್ತೆಯದೇ ದಪ್ಪ ಕೊಡಿ. ವೃತ್ತವೂ "ರಸ್ತೆ" ಪದರದಲ್ಲೇ ಇರಲಿ.

ಹಂತ 5: ಅಂಚು ಕೊಡುವುದು

ನಕ್ಷೆ ಅಚ್ಚುಕಟ್ಟಾಗಿ ಕಾಣುವುದು ಈ ಹಂತದಿಂದಲೇ. ದಪ್ಪ ಕಡುಬಣ್ಣದ ಗೆರೆಯ ಮೇಲೆ ತೆಳುವಾದ ತಿಳಿಬಣ್ಣದ ಗೆರೆ ಇಟ್ಟರೆ, ಇಕ್ಕೆಲದಲ್ಲಿ ಉಳಿಯುವ ಕಡುಬಣ್ಣವೇ ರಸ್ತೆಯ ಅಂಚು. ಆದರೆ ಕ್ರಮ ಮುಖ್ಯ. ಎಲ್ಲ ರಸ್ತೆಗಳ ದಪ್ಪ ಗೆರೆಗಳೂ ಕೆಳಗೆ, ಎಲ್ಲ ರಸ್ತೆಗಳ ತೆಳು ಗೆರೆಗಳೂ ಮೇಲೆ. ಆಗ ಕವಲುಗಳಲ್ಲಿ ರಸ್ತೆಗಳು ನೀರು ಸೇರಿದಂತೆ ಒಂದಾಗುತ್ತವೆ. ಒಂದೊಂದೇ ರಸ್ತೆಗೆ ಅಂಚು ಕೊಡುತ್ತ ಹೋದರೆ ಒಂದರ ಅಂಚು ಇನ್ನೊಂದನ್ನು ಅಡ್ಡಗಟ್ಟುತ್ತದೆ.

ಮಾಡುವ ಬಗೆ ಹೀಗೆ. ಲೇಯರ್ ಮೆನುವಿನಲ್ಲಿ ಡೂಪ್ಲಿಕೇಟ್ ಕರೆಂಟ್ ಲೇಯರ್ ಒತ್ತಿ. ಈಗ ಎರಡು ರಸ್ತೆ ಪದರಗಳಿವೆ. ಮೇಲಿನದಕ್ಕೆ "ಮೈ", ಕೆಳಗಿನದಕ್ಕೆ "ಅಂಚು" ಎಂದು ಹೆಸರಿಡಿ. "ಮೈ" ಪದರಕ್ಕೆ ಬೀಗ ಹಾಕಿ. "ಅಂಚು" ಪದರದಲ್ಲಿ ಒಂದು ಹೆದ್ದಾರಿ ಆರಿಸಿ, ಎಡಿಟ್ ಮೆನುವಿನ ಸೆಲೆಕ್ಟ್ ಸೇಮ್‌ನಲ್ಲಿ ಸ್ಟ್ರೋಕ್ ಸ್ಟೈಲ್ ಒತ್ತಿದರೆ ಅದೇ ದಪ್ಪದ ಗೆರೆಗಳೆಲ್ಲ ಆಯ್ಕೆಯಾಗುತ್ತವೆ. ಅವಕ್ಕೆ ಕಡುಬೂದು ಬಣ್ಣ, 0.6 ಮಿ.ಮೀ. ಹೆಚ್ಚು ದಪ್ಪ: 3 ಇದ್ದದ್ದು 3.6. ಹೀಗೆಯೇ 2.2 ಇದ್ದದ್ದು 2.8, 1.2 ಇದ್ದದ್ದು 1.8. ಮೂರು ಸಲ ಮಾಡಿದರೆ ಮುಗಿಯಿತು. "ಮೈ" ಪದರದಲ್ಲಿ ಹೆದ್ದಾರಿಯ ಮೇಲೆ ಒಳರಸ್ತೆ ಹಾದು ಹಳದಿ ತುಂಡಾದಂತೆ ಕಂಡರೆ, ಬೀಗ ತೆಗೆದು ಹೆದ್ದಾರಿ ಆರಿಸಿ ಹೋಮ್ ಕೀಲಿ ಒತ್ತಿ, ಮೇಲೆ ಬರುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಮೊದಲನೆಯದು, ಪದರ ನಕಲಿಸಿದ ಮೇಲೆ ರಸ್ತೆ ಸರಿಸಿದರೆ ಎರಡೂ ಕಡೆ ಸರಿಸಬೇಕಾಗುತ್ತದೆ. ಆದ್ದರಿಂದ ರಸ್ತೆಗಳ ಜಾಗ ಪಕ್ಕಾ ಆದ ಮೇಲೆಯೇ ಈ ಹಂತಕ್ಕೆ ಬನ್ನಿ. ಎರಡನೆಯದು ಮೇಲ್ಸೇತುವೆ. ಫ್ಲೈಓವರ್ ಕೆಳಗಿನ ರಸ್ತೆಯನ್ನು ಸೇರುವುದಿಲ್ಲ, ದಾಟುತ್ತದೆ. ಅದನ್ನೂ ಹೀಗೆ ಬೆರೆಸಿದರೆ ಅಲ್ಲಿ ತಿರುಗಬಹುದೆಂದು ಬಂದವರು ತಿಳಿಯುತ್ತಾರೆ. ಫ್ಲೈಓವರ್‌ನ ಅಂಚು ಮತ್ತು ಮೈ ಎರಡನ್ನೂ ಉಳಿದ ರಸ್ತೆಗಳ ಮೇಲೆ ಬರುವ ಬೇರೊಂದು ಪದರದಲ್ಲಿಡಿ.

ಹಂತ 6: ರೈಲು, ನೀರು, ಗುರುತುಗಳು

ರೈಲು ಹಳಿಗೂ ಇದೇ ಉಪಾಯ. 1 ಮಿ.ಮೀ. ಕಪ್ಪು ಗೆರೆ, ಅದರ ಮೇಲೆ 0.6 ಮಿ.ಮೀ. ಬಿಳಿ ತುಂಡುಗೆರೆ (ಸ್ಟ್ರೋಕ್ ಸ್ಟೈಲ್‌ನಲ್ಲಿ ಡ್ಯಾಶಸ್). ಈ ತುಂಡುಗೆರೆಗೆ ಮಾತ್ರ ಕ್ಯಾಪ್ "ಬಟ್" (ತುದಿಯಲ್ಲೇ ನೇರವಾಗಿ ಕತ್ತರಿಸಿದ್ದು) ಇರಲಿ, ದುಂಡಗೆ ಅಥವಾ ಚೌಕವಾಗಿ ಇದ್ದರೆ ತುಂಡುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೆರೆ, ಹೊಳೆಗೆ ತಿಳಿನೀಲಿ, ಅವು "ಆಧಾರ"ದಲ್ಲಲ್ಲ, ಅದರ ಮೇಲೆ, ರಸ್ತೆಗಳ ಕೆಳಗೆ ಬೇರೊಂದು ಪದರದಲ್ಲಿ.

ಗುರುತುಗಳಿಗೆ ಚಿತ್ರ ಬಿಡಿಸಲು ಹೋಗಬೇಡಿ. ದೇವಸ್ಥಾನಕ್ಕೆ ತ್ರಿಕೋನ, ಬಂಕಿಗೆ ಚೌಕ, ಪಕ್ಕದಲ್ಲಿ ಹೆಸರು, ಅಷ್ಟು ಸಾಕು. ಗುರುತು ರಸ್ತೆಯ ಯಾವ ಬದಿಗಿದೆಯೋ ಅದೇ ಬದಿಗೆ ಇರಬೇಕು. ಮೈಸೂರಿನ ಅಭ್ಯಾಸದಲ್ಲಿ ದೇವರಾಜ ಮಾರುಕಟ್ಟೆ ಸಯ್ಯಾಜಿ ರಾವ್ ರಸ್ತೆಯ ಪಶ್ಚಿಮ ಬದಿಗೆ, ಧನ್ವಂತರಿ ರಸ್ತೆಯಿಂದ ದಕ್ಷಿಣಕ್ಕೆ ಬರಬೇಕು. ಎದುರು ಬದಿಗೆ ಇಟ್ಟರೆ ಜನ ತಿರುಗಿ ನಿಂತು ಹುಡುಕುತ್ತಾರೆ. ಮಂಟಪಕ್ಕೆ ಮಾತ್ರ ಎದ್ದು ಕಾಣುವ ಕೆಂಪು. ಆ ಕೆಂಪನ್ನು ನಕ್ಷೆಯಲ್ಲಿ ಬೇರೆಲ್ಲೂ ಬಳಸಬೇಡಿ.

ಹಂತ 7: ಕನ್ನಡ ಅಕ್ಷರ

ಟಿ ಒತ್ತಿ, ಬೇಕಾದಲ್ಲಿ ಕ್ಲಿಕ್ ಮಾಡಿ ಬರೆಯಿರಿ. ಕನ್ನಡಕ್ಕೆ 8 ಪಾಯಿಂಟ್‌ಗಿಂತ ಚಿಕ್ಕ ಅಕ್ಷರ ಬೇಡ. ಇಂಗ್ಲಿಷ್‌ಗೆ 6 ಪಾಯಿಂಟ್ ಸಾಕೆಂದು ನಮ್ಮ ಲಿಪಿಗೂ ಅದೇ ಇಟ್ಟರೆ ಒತ್ತಕ್ಷರಗಳು ಮಸಿಯ ಚುಕ್ಕಿಗಳಾಗುತ್ತವೆ. ಅಕ್ಷರಗಳ ನಡುವಿನ ಅಂತರವನ್ನೂ ಹಿಗ್ಗಿಸಬೇಡಿ, ಒತ್ತು ಮತ್ತು ದೀರ್ಘ ತಮ್ಮ ಅಕ್ಷರದಿಂದ ದೂರ ಸರಿಯಬಹುದು.

ಬಾಗಿದ ರಸ್ತೆಯ ಗುಂಟ ಹೆಸರು ಬಾಗಿಸುವ ಸೌಲಭ್ಯ ಟೆಕ್ಸ್ಟ್ ಮೆನುವಿನಲ್ಲಿದೆ. ಕನ್ನಡಕ್ಕೆ ಅದು ಅಷ್ಟು ಒಗ್ಗುವುದಿಲ್ಲ. ಅಡ್ಡಲಾಗಿ ಬರೆಯಿರಿ, ತೀರಾ ಬೇಕಿದ್ದರೆ ಇಡೀ ಹೆಸರನ್ನು ಓರೆಯಾಗಿ ತಿರುಗಿಸಿ. ಹೆಸರು ರಸ್ತೆಯ ಮೇಲೆ ಹಾದು ಓದಲು ಕಷ್ಟವಾದರೆ ಕಂಟ್ರೋಲ್ + ಡಿ ಒತ್ತಿ ಅದರ ನಕಲು ಮಾಡಿ, ಕೆಳಗಿನ ಪ್ರತಿಗೆ 0.8 ಮಿ.ಮೀ. ಬಿಳಿ ಸ್ಟ್ರೋಕ್ ಕೊಡಿ. ಅಕ್ಷರದ ಸುತ್ತ ಬಿಳಿ ಪ್ರಭೆ ಬರುತ್ತದೆ.

ಪುಟ ದಾಟುವ ಪ್ರತಿ ರಸ್ತೆಯ ತುದಿಗೆ "ಹಾಸನದ ಕಡೆಗೆ", "ಬೆಂಗಳೂರಿನ ಕಡೆಗೆ" ಎಂಬಂತೆ ಬರೆಯಿರಿ. ಹೊರಗಿನಿಂದ ಬರುವವರು ಮೊದಲು ಹುಡುಕುವುದು ಇದನ್ನೇ.

ಹಂತ 8: ದೂರ, ದಿಕ್ಕು, ಕ್ಯೂಆರ್

ತಿರುವುಗಳ ನಡುವೆ ನೀವು ಬರೆದುಕೊಂಡ ದೂರ ಹಾಕಿ: "1.4 ಕಿ.ಮೀ." ಹೀಗೆ. ರಸ್ತೆಗಳನ್ನು ನೆಟ್ಟಗೆ ಮಾಡಿದ್ದರಿಂದ ಮೂಲೆಯಲ್ಲಿ "ಅಳತೆಗೆ ಅನುಗುಣವಾಗಿಲ್ಲ" ಎಂದು ಹಾಕುವುದು ಕಡ್ಡಾಯ. ಉತ್ತರಕ್ಕೆ ಒಂದು ಬಾಣ. ಇಂಕ್‌ಸ್ಕೇಪ್‌ನ ಎಕ್ಸ್‌ಟೆನ್ಶನ್ಸ್ ಮೆನುವಿನಲ್ಲಿ ರೆಂಡರ್, ಅದರೊಳಗೆ ಬಾರ್‌ಕೋಡ್, ಅಲ್ಲೇ ಕ್ಯೂಆರ್ ಕೋಡ್ ಇದೆ. ಮಂಟಪದ ಲೊಕೇಶನ್ ಕೊಂಡಿ ಅಂಟಿಸಿದರೆ ಕೋಡ್ ಸಿದ್ಧ. 20 ಮಿ.ಮೀ.ಗಿಂತ ಚಿಕ್ಕದು ಮಾಡಬೇಡಿ, ಸುತ್ತ ಬಿಳಿ ಜಾಗ ಬಿಡಿ, ಅಚ್ಚಿಗೆ ಕೊಡುವ ಮೊದಲು ಎರಡು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ನೋಡಿ.

ಹಂತ 9: ಪರೀಕ್ಷೆ, ಆಮೇಲೆ ಪ್ರೆಸ್ಸಿಗೆ

"ಆಧಾರ" ಪದರ ಮರೆಮಾಡಿ, ಮನೆಯಲ್ಲಿ ಒಂದು ಪ್ರತಿ ಮುದ್ರಿಸಿ. ಪ್ರಿಂಟರ್‌ನಲ್ಲಿ "ಆಕ್ಚುಯಲ್ ಸೈಜ್" ಇರಲಿ, ಪುಟಕ್ಕೆ ಹಿಗ್ಗಿಸುವ ಆಯ್ಕೆ ಬೇಡ. ಆ ದಾರಿ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು "ನಿಲ್ದಾಣದಿಂದ ಹೇಗೆ ಹೋಗುತ್ತೀರಿ, ಬಾಯಲ್ಲಿ ಹೇಳಿ" ಎನ್ನಿ. ನಡುವೆ ನೀವು ಮಾತಾಡಬಾರದು. ಅವರು ತಡವರಿಸಿದ ಕಡೆಯೇ ನಕ್ಷೆ ತಿದ್ದಬೇಕಾದ ಕಡೆ. ಸಂಜೆ ಮಬ್ಬು ಬೆಳಕಿನಲ್ಲಿ ಕನ್ನಡಕ ಹಾಕುವ ಹಿರಿಯರಿಗೂ ಒಮ್ಮೆ ತೋರಿಸಿ.

ಈಗ ಅತಿ ಮುಖ್ಯ ಎಚ್ಚರಿಕೆ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರುತ್ತದೆಂಬ ಭರವಸೆ ಇಲ್ಲ. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟುಗಳಲ್ಲೇ ಕೆಲಸ ಮಾಡುವ ಕಡೆ ನಿಮ್ಮ ಅಕ್ಷರಗಳು ಒಡೆದು ಬರಬಹುದು. ನಾನೇ ಒಮ್ಮೆ ಹಾಗೆ ಕೊಟ್ಟು, "ಕಲ್ಯಾಣ"ದ ಯ ಒತ್ತು ಬೇರೆಯಾಗಿ ನಿಂತ ಪತ್ರಿಕೆಗಳ ಕಟ್ಟನ್ನು ಮನೆಗೆ ತಂದಿದ್ದೇನೆ. ಪ್ರೆಸ್ಸಿನವರು "ಕರ್ವ್ ಮಾಡಿ ಕೊಡಿ" ಎನ್ನುವುದು ಇದಕ್ಕೇ. ಕರ್ವ್ ಮಾಡುವುದೆಂದರೆ ಅಕ್ಷರವನ್ನು ಗೆರೆಯ ಆಕಾರವಾಗಿ ಬದಲಿಸುವುದು, ಆಗ ಫಾಂಟಿನ ಹಂಗು ಇರುವುದಿಲ್ಲ. ಮೊದಲು ಫೈಲನ್ನು ಇನ್ನೊಂದು ಹೆಸರಿನಲ್ಲಿ ಉಳಿಸಿ, ಏಕೆಂದರೆ ಕರ್ವ್ ಮಾಡಿದ ಅಕ್ಷರವನ್ನು ಮತ್ತೆ ಟೈಪ್ ಮಾಡಿ ತಿದ್ದಲಾಗದು. ಆಮೇಲೆ ಅಕ್ಷರಗಳನ್ನೆಲ್ಲ ಆರಿಸಿ ಕಂಟ್ರೋಲ್ + ಶಿಫ್ಟ್ + ಸಿ ಒತ್ತಿ. ಕೋರೆಲ್‌ಡ್ರಾದಲ್ಲಿ ಇದು ಕಂಟ್ರೋಲ್ + ಕ್ಯೂ.

ಪ್ರೆಸ್ಸಿಗೆ ಪಿಡಿಎಫ್ ಕೊಡಿ. ಪರದೆಯಲ್ಲಿ ಕಂಡ ಹೊಳಪು ಬಣ್ಣಗಳು ಕಾಗದದಲ್ಲಿ ಕೊಂಚ ಮಂಕಾಗುತ್ತವೆ. ಪರದೆ ಬೆಳಕಿನಿಂದ ಬಣ್ಣ ಕಟ್ಟುತ್ತದೆ, ಅಚ್ಚಿನಲ್ಲಿ ನಾಲ್ಕು ಶಾಯಿಗಳ ಬೆರಕೆ. ಆದ್ದರಿಂದ ಮೊದಲು ಒಂದು ಮಾದರಿ ಪ್ರತಿ ಕೇಳಿ ಪಡೆಯಿರಿ, ಅದನ್ನು ನೋಡದೆ ಪೂರ್ತಿ ಅಚ್ಚಿಗೆ ಒಪ್ಪಿಗೆ ಕೊಡಬೇಡಿ.

ವಾಟ್ಸ್ಆ್ಯಪ್‌ಗಾದರೆ ಪಿಎನ್‌ಜಿ. ಎಕ್ಸ್‌ಪೋರ್ಟ್ ಫಲಕದಲ್ಲಿ ಪೇಜ್ ಆರಿಸಿ, ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ) 300 ಇಡಿ. 90 ಮಿ.ಮೀ. ಅಗಲಕ್ಕೆ ಸುಮಾರು 1063 ಪಿಕ್ಸೆಲ್ ಬರುತ್ತದೆ. ಬೆರಳಲ್ಲಿ ಹಿಗ್ಗಿಸಿ ನೋಡುವವರಿಗಾಗಿ 600 ಇಟ್ಟರೆ ಇನ್ನೂ ಒಳ್ಳೆಯದು. ಕಳಿಸುವಾಗ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಆಗ ಚಿತ್ರ ಕುಗ್ಗುವುದಿಲ್ಲ. ಕರ್ವ್ ಮಾಡದ ಮೂಲ ಎಸ್‌ವಿಜಿ ಫೈಲ್ ಜೋಪಾನವಾಗಿರಲಿ. ಅದೇ ಊರಿನ ಮುಂದಿನ ಸಮಾರಂಭಕ್ಕೆ ಕೆಂಪು ಗುರುತು ಮತ್ತು ಎರಡು ಹೆಸರು ಬದಲಿಸಿದರೆ ಹೊಸ ನಕ್ಷೆ ಸಿದ್ಧ.